ಮೂರು ಪದಾರ್ಥದ ಊಟವೂ ಹಬ್ಬದ ಊಟವೇ

(ಕನ್ಯಾ ಮರಿಯಮ್ಮನವರ ಜನನೋತ್ಸವದಂದು, ತೆನೆ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಆಗಸ್ಟ್ 30ರಿಂದ ಒಂಬತ್ತು ದಿನ ನಮ್ಮ ಮಕ್ಕಳು ಮಳೆಯಲ್ಲಿ ಅರ್ಧ ನೆನೆದು, ಬುಟ್ಟಿ ತುಂಬ ಹೂ ತಂದು ಬಾಲೆ ಮರಿಯಮ್ಮನವರ ಪಾದಕ್ಕೆ ಅರ್ಪಿಸಿದ್ದಾರೆ. ಇಂದು ಹೊಸ ತೆನೆಯ ಆಶೀರ್ವಾದ ಆಗಿದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಒಂದು ಕೈಯಲ್ಲಿ ತೆನೆ, ಇನ್ನೊಂದು ಕೈಯಲ್ಲಿ ಕಬ್ಬು ಹಿಡಿದುಕೊಂಡು ನಾವೆಲ್ಲರೂ ಮನೆಗೆ ಹೋಗಲಿದ್ದೇವೆ.

ಆದರೆ ಈ ಕ್ಷಣದಲ್ಲಿ ನಾವು ನಿಜವಾಗಿಯೂ ಇಲ್ಲಿದ್ದೇವೆಯೇ? ದೇಹ ಬೆಂಚಿನ ಮೇಲಿದೆ, ಮನಸ್ಸು ಎಲ್ಲಿದೆ? ತಾಯಂದಿರ ಮನಸ್ಸು ಅಡುಗೆಮನೆಯಲ್ಲಿದೆ: ತೆಂಗಿನಕಾಯಿ ತುರಿದಾಗಿಲ್ಲ, ಕೆಸುವಿನ ದಂಟು ಹೆಚ್ಚಿಯಾಗಿಲ್ಲ, ಪಾಯಸಕ್ಕೆ ಬೆಲ್ಲ ಸಾಕಾಗುತ್ತದೋ ಇಲ್ಲವೋ. ತಂದೆಯವರ ಮನಸ್ಸು ಅಡಿಕೆ ತೋಟದಲ್ಲಿದೆ: ಎರಡನೇ ಸಲದ ಮದ್ದು ಬಿಟ್ಟಾಗಿಲ್ಲ, ಮಳೆ ಬಿಡುವುದಿಲ್ಲ, ಮರ ಹತ್ತುವವರು ಸಿಗುವುದಿಲ್ಲ. ಗುರಿಕಾರರು ಕಬ್ಬಿನ ಜಲ್ಲೆ ಎಣಿಸುತ್ತಿದ್ದಾರೆ. ಯುವಕರಿಗೆ ಮೈಕಿನ ಚಿಂತೆ. ಪೀಠದ ಬಳಿ ನಿಂತಿರುವ ನಮ್ಮ ಮನಸ್ಸು ಮಾತ್ರ ಇಲ್ಲೇ ಇದೆ ಎಂದು ಹೇಳಿದರೆ ಅದು ಸುಳ್ಳಾದೀತು.

ನಮಗೆಲ್ಲರಿಗೂ ಒಂದೊಂದು ಪಟ್ಟಿ ಇದೆ. ಕೆಲವರದು ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ, ಕೆಲವರದು ಮೊಬೈಲಿನಲ್ಲಿ, ಹೆಚ್ಚಿನ ತಾಯಂದಿರದು ತಲೆಯೊಳಗೆ. ರೇಷನ್ ಕಾರ್ಡಿನ ಇ-ಕೆವೈಸಿ, ಮಗಳ ಕಾಲೇಜಿನ ಶುಲ್ಕ, ಸೊಸೈಟಿಯ ಸಾಲದ ಕಂತು, ಬೀಡಿ ಕೊಟ್ಟು ಎಲೆ ತರುವುದು, ಸೋರುವ ಹಂಚು ಬದಲಿಸುವುದು, ಅತ್ತೆಯವರ ಕಣ್ಣಿನ ಪರೀಕ್ಷೆ. ಒಂದನ್ನು ಮುಗಿಸಿ ಗೀಟು ಹಾಕುವಷ್ಟರಲ್ಲಿ ಕೆಳಗೆ ಎರಡು ಹೊಸದು ಸೇರಿರುತ್ತವೆ. ರಾತ್ರಿ ಮಲಗುವಾಗ ಮಾಡಿದ ಹತ್ತು ಕೆಲಸ ನೆನಪಾಗುವುದಿಲ್ಲ. ಮಾಡದೆ ಉಳಿದ ನಾಲ್ಕು ಮಾತ್ರ ಎದೆಯ ಮೇಲೆ ಕುಳಿತಿರುತ್ತವೆ. ಇಂದಿನ ಹಬ್ಬದ ಬೆಳಕಿನಲ್ಲಿ ಈ ಪಟ್ಟಿಯ ಕುರಿತೇ ಸ್ವಲ್ಪ ಯೋಚಿಸೋಣ.

ಕಳೆದ ವರ್ಷದ ಒಂದು ಘಟನೆಯನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಈ ಹಬ್ಬಕ್ಕಾಗಿ ನಾವು, ಧರ್ಮಗುರುಗಳೂ ಪಾಲನಾ ಮಂಡಳಿಯವರೂ ಕುಳಿತು ಒಂದು ಪಟ್ಟಿ ಬರೆದೆವು. ದೊಡ್ಡ ಕಾಗದದ ಎರಡೂ ಬದಿ ತುಂಬಿತು. ಒಟ್ಟು 41 ಕೆಲಸ. ದ್ವಾರದ ಕಮಾನು, ದೀಪಾಲಂಕಾರ, ಮೈಕು, ಕಬ್ಬು, ಮೆರವಣಿಗೆಯ ಪಲ್ಲಕ್ಕಿ, ಮಕ್ಕಳಿಗೆ ಸಿಹಿತಿಂಡಿ, ಅತಿಥಿಗಳಿಗೆ ಆಮಂತ್ರಣ, ಹೀಗೆ. 37ನೇ ಸಾಲಿನಲ್ಲಿ ಒಂದು ಕೆಲಸವಿತ್ತು: ಹಾಸಿಗೆ ಹಿಡಿದವರ ಮನೆಗಳಿಗೆ ತೆನೆ ಮುಟ್ಟಿಸುವುದು.

ಹಬ್ಬ ಬಹಳ ಚೆನ್ನಾಗಿ ಆಯಿತು ಎಂದು ಎಲ್ಲರೂ ಹೇಳಿದರು. ಸಂಜೆ ಆರು ಗಂಟೆಗೆ ಪೂಜಾವಸ್ತ್ರದ ಕೋಣೆಗೆ ಹೋದಾಗ ಮೇಜಿನ ಮೇಲೆ ಒಂದು ತಟ್ಟೆ ಕಾಣಿಸಿತು. ಅದರಲ್ಲಿ ಆರು ಮನೆಗಳಿಗೆಂದು ಬೇರೆ ತೆಗೆದಿಟ್ಟ ತೆನೆ ಹಾಗೆಯೇ ಇತ್ತು. ಗುರಿಕಾರರು ಒಯ್ದಿರಬಹುದು ಎಂದು ನಾವು ತಿಳಿದಿದ್ದೆವು. ಯುವಕರು ಒಯ್ದಿರಬಹುದು ಎಂದು ಗುರಿಕಾರರು ತಿಳಿದಿದ್ದರು. ಧರ್ಮಭಗಿನಿಯರು ಒಯ್ಯುತ್ತಾರೆ ಎಂದು ಯುವಕರು ತಿಳಿದಿದ್ದರು. ಯಾರೂ ಸೋಮಾರಿಗಳಾಗಿರಲಿಲ್ಲ. ಎಲ್ಲರೂ ಬೆಳಗ್ಗಿನಿಂದ ದುಡಿದು ದಣಿದಿದ್ದರು.

ಆ ಮಳೆಯಲ್ಲೇ ಹೊರಟೆವು. ಕೊನೆಯ ಮನೆ ಮುಟ್ಟುವಾಗ ರಾತ್ರಿ ಒಂಬತ್ತು ಕಳೆದಿತ್ತು. ಗುಡ್ಡದ ಬದಿಯ ಮನೆ. ಅಲ್ಲಿ ಎಂಬತ್ತು ದಾಟಿದ ಒಬ್ಬ ತಾಯಿ. ಮಕ್ಕಳು ಮುಂಬಯಿಯಲ್ಲಿ, ಗಲ್ಫಿನಲ್ಲಿ. ನೋಡಿಕೊಳ್ಳಲು ನೆರೆಮನೆಯ ಒಬ್ಬ ಹೆಂಗಸು. ಒಲೆಯ ಪಕ್ಕ ಒಂದು ಪಾತ್ರೆಯಲ್ಲಿ ಹಾಲು ಮುಚ್ಚಿಟ್ಟಿತ್ತು. ಅವರು ಬೆಳಗ್ಗಿನಿಂದ ಚಹಾ ಬಿಟ್ಟು ಏನನ್ನೂ ಮುಟ್ಟಿರಲಿಲ್ಲ. "ಫಾದರ್, ಈ ದಿನ ಹೊಸ ಅಕ್ಕಿ ಮೊದಲು ಹೊಟ್ಟೆಗೆ ಹೋಗದೆ ಊಟ ಮಾಡಿ ಅಭ್ಯಾಸ ಇಲ್ಲ" ಎಂದರು. ಆಮೇಲೆ ನಮ್ಮ ಒದ್ದೆ ಬಟ್ಟೆ ನೋಡಿ ಅವರೇ ನಮ್ಮನ್ನು ಸಮಾಧಾನಪಡಿಸಿದರು: "ಇರಲಿ, ನಿಮಗೆ ಇವತ್ತು ತುಂಬಾ ಕೆಲಸ ಇರ್ತದಲ್ಲ." ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಆ ರಾತ್ರಿ ಪಟ್ಟಿ ತೆಗೆದು ನೋಡಿದೆವು. 41ರಲ್ಲಿ 40ಕ್ಕೆ ಗೀಟು ಬಿದ್ದಿತ್ತು. ಪರೀಕ್ಷೆಯಾಗಿದ್ದರೆ ಉತ್ತಮ ಅಂಕ. ಆದರೆ ಉಳಿದ ಒಂದೇ ಒಂದು ಸಾಲಿನಲ್ಲಿ ನಮ್ಮ ಹಬ್ಬದ ಅರ್ಥವೇ ಇತ್ತು.

ಪ್ರಿಯರೇ, ತಪ್ಪಿದ್ದೆಲ್ಲಿ? ಪಟ್ಟಿ ಬರೆದದ್ದು ತಪ್ಪಲ್ಲ. ಬರೆದಿಡುವುದು ಒಳ್ಳೆಯದೇ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮುಗಿಯದ ಕೆಲಸದ ಯೋಚನೆ ಬೇರೊಂದು ಕೆಲಸ ಮಾಡುವಾಗಲೂ ನಡುವೆ ನುಗ್ಗಿ ಕಾಡುತ್ತದೆ. ಅದನ್ನು ಯಾವಾಗ, ಹೇಗೆ ಮಾಡುತ್ತೇವೆ ಎಂದು ಸ್ಪಷ್ಟವಾಗಿ ಯೋಜಿಸಿದವರಿಗೆ ಆ ಕಾಟ ಕಡಿಮೆಯಾಗುತ್ತದೆ ಎಂದು ಅವರು ಕಂಡುಕೊಂಡರು. ಗಮನಿಸಿ, ಕೆಲಸ ಇನ್ನೂ ಮುಗಿದಿರಲಿಲ್ಲ. ಅದಕ್ಕೊಂದು ದಾರಿ ಗೊತ್ತುಮಾಡಿದ್ದಕ್ಕೇ ಮನಸ್ಸು ಹಗುರವಾಯಿತು. ನಮ್ಮ 41 ಸಾಲುಗಳಲ್ಲಿ 'ಏನು' ಎಂಬುದು ಇತ್ತು. 'ಯಾರು', 'ಯಾವಾಗ' ಎಂಬುದು ಇರಲಿಲ್ಲ.

ಇದಕ್ಕೆ ಪರಿಹಾರವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಹಿರಿಯರು ಈ ಹಬ್ಬದಲ್ಲಿಯೇ ಅದನ್ನು ಇಟ್ಟಿದ್ದಾರೆ. 1763ರಲ್ಲಿ ಗೋವೆಯಿಂದ ಬಂದಿದ್ದ ಧರ್ಮಗುರು ಜೋಕಿಂ ಮಿರಾಂದರವರು ಇದೇ ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿ, ನೇತ್ರಾವತಿಯ ದಂಡೆಯ ಮೊಂತೆ ಮರಿಯಾನೊದಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದು ನಮ್ಮ ಪರಂಪರೆ ಹೇಳುತ್ತದೆ. ಅಂದಿನಿಂದ ಇಂದಿನವರೆಗೆ ಈ ಹಬ್ಬದಲ್ಲಿ ಮೂರು ಲೆಕ್ಕಗಳು ಉಳಿದುಬಂದಿವೆ: ಪದಾರ್ಥದ ಲೆಕ್ಕ, ಹೂವಿನ ಲೆಕ್ಕ, ತೆನೆಯ ಲೆಕ್ಕ.

ಮೊದಲನೆಯದು ಪದಾರ್ಥದ ಲೆಕ್ಕ. ಇಂದಿನ ಊಟದಲ್ಲಿ ಮೀನಿಲ್ಲ, ಮಾಂಸವಿಲ್ಲ. ತರಕಾರಿ ಪದಾರ್ಥಗಳು ಬೆಸ ಸಂಖ್ಯೆಯಲ್ಲಿರಬೇಕು. ಅನುಕೂಲ ಇದ್ದ ಮನೆಯಲ್ಲಿ ಒಂಬತ್ತು, ಇನ್ನೊಂದರಲ್ಲಿ ಏಳು ಅಥವಾ ಐದು, ಕಷ್ಟದ ಮನೆಯಲ್ಲಿ ಮೂರು. ಬೆಂಡೆ, ಹೀರೆ, ಹರಿವೆ ಇದ್ದರೆ ಸಾಕು, ಹಬ್ಬ ಆಗುತ್ತದೆ. ಮೂರು ಪದಾರ್ಥ ಮಾಡಿದ ಮನೆಯ ಹಬ್ಬ ಅರ್ಧ ಹಬ್ಬ ಎಂದು ಹೇಳಿದ ಹಿರಿಯರನ್ನು ನಾವು ಕಂಡಿಲ್ಲ. ಎಷ್ಟು ಎಂಬುದನ್ನು ಒಲೆಯ ಮುಂದೆ ನಿಲ್ಲುವವರ ಶಕ್ತಿ ನೋಡಿ, ಮನೆಯ ಡಬ್ಬಿ ನೋಡಿ ನಿರ್ಧರಿಸುತ್ತಿದ್ದರು. ನೆರೆಮನೆಯ ಎಲೆ ನೋಡಿ ಅಲ್ಲ.

ನಮ್ಮ ದಿನದ ಪಟ್ಟಿಯೂ ಹೀಗೆಯೇ ಇರಬಾರದೇ? ದೊಡ್ಡ ಪಟ್ಟಿ ಒಂದು ಪುಸ್ತಕದಲ್ಲಿ ಇರಲಿ, ನಲವತ್ತು ಸಾಲಿದ್ದರೂ ಇರಲಿ. ಅದು ದಿನಸಿ ಕೋಣೆ ಇದ್ದಂತೆ. ಕೋಣೆಯಲ್ಲಿದ್ದುದನ್ನೆಲ್ಲ ಒಂದೇ ದಿನ ಯಾರೂ ಬೇಯಿಸುವುದಿಲ್ಲ. ಬೆಳಗ್ಗೆ ಅದರಿಂದ ಮೂರನ್ನೋ ಐದನ್ನೋ ಆರಿಸಿ ಬೇರೆ ಚೀಟಿಯಲ್ಲಿ ಬರೆಯೋಣ. ಮಗುವಿಗೆ ಜ್ವರ ಇರುವ ದಿನ, ಮೈಗೆ ಹುಷಾರಿಲ್ಲದ ದಿನ ಮೂರು ಸಾಕು. ಅದೂ ಪೂರ್ಣ ದಿನವೇ.

ನಾವು ಪಟ್ಟಿಯನ್ನು ಉದ್ದ ಮಾಡುವುದಕ್ಕೆ ಇನ್ನೊಂದು ಕಾರಣವಿದೆ: ಪ್ರತಿ ಕೆಲಸಕ್ಕೂ ಬೇಕಾಗುವ ಸಮಯವನ್ನು ಕಡಿಮೆ ಅಂದಾಜಿಸುತ್ತೇವೆ. 1994ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು, ನಿಮ್ಮ ಪ್ರಬಂಧ ಎಷ್ಟು ದಿನದಲ್ಲಿ ಮುಗಿಯುತ್ತದೆ ಎಂದು ಕೇಳಿದರು. ಸರಾಸರಿ ಸುಮಾರು 34 ದಿನ ಎಂದರು. ನಿಜವಾಗಿ ಹಿಡಿದದ್ದು ಸುಮಾರು 55 ದಿನ. ನಮ್ಮದೂ ಇದೇ ಕಥೆ. 'ಬಿ.ಸಿ. ರೋಡಿಗೆ ಹೋಗಿ ಒಂದು ಗಂಟೆಯಲ್ಲಿ ಬರುತ್ತೇನೆ' ಎಂದು ಹೊರಡುತ್ತೇವೆ. ಕಚೇರಿಯಲ್ಲಿ ಸರ್ವರ್ ಇಲ್ಲ, ಜೆರಾಕ್ಸ್ ಅಂಗಡಿಯಲ್ಲಿ ಸಾಲು, ಬಸ್ಸಿನಲ್ಲಿ ಪರಿಚಯದವರು. ಮಧ್ಯಾಹ್ನ ಕಳೆಯುತ್ತದೆ. ಇದು ನಮ್ಮ ಸೋಲು ಅಲ್ಲ, ಅಂದಾಜಿನ ತಪ್ಪು. ಆದ್ದರಿಂದ ಚೀಟಿಯಲ್ಲಿ ಸ್ವಲ್ಪ ಜಾಗ ಖಾಲಿ ಬಿಡೋಣ. ದಾರಿಯಲ್ಲಿ ಸಿಕ್ಕಿದವರೊಂದಿಗೆ ಎರಡು ಮಾತಾಡಲೂ ಸಮಯ ಬೇಕು.

ಎರಡನೆಯದು ಹೂವಿನ ಲೆಕ್ಕ. ಒಂಬತ್ತು ದಿನದ ಹೂವನ್ನು ಮಕ್ಕಳು ಒಂದೇ ದಿನ ಕೊಯ್ಯಲಿಲ್ಲ. ದಿನಕ್ಕೊಂದು ಬುಟ್ಟಿ ಅಷ್ಟೇ. ನಿನ್ನೆಯ ಹೂ ಇಂದು ಬಾಡುತ್ತದೆ, ನಾಳೆಯ ಹೂ ಇಂದು ಮೊಗ್ಗು. ಬೆಳ್ತಂಗಡಿ ಕಡೆಯ ನಮ್ಮ ಸೀರೊ-ಮಲಬಾರ್ ಸಹೋದರ ಸಹೋದರಿಯರೂ ಸೆಪ್ಟೆಂಬರ್ 1ರಿಂದ 8ರವರೆಗೆ ಎಂಟು ದಿನದ ನೋಂಬು ಆಚರಿಸುತ್ತಾರೆ. ಪದ್ಧತಿ ಬೇರೆ, ತಿಳುವಳಿಕೆ ಒಂದೇ: ದೊಡ್ಡದನ್ನು ದಿನಗಳಾಗಿ ಹಂಚಿಕೊಳ್ಳುವುದು.

ನಮ್ಮ ಪಟ್ಟಿಯಲ್ಲಿ ವಾರಗಟ್ಟಲೆ ಕುಳಿತಿರುವ ಸಾಲುಗಳನ್ನು ನೋಡಿ. ಹೆಚ್ಚಿನವು ಒಂದು ಕೆಲಸವೇ ಅಲ್ಲ, ಕೆಲಸಗಳ ಮೂಟೆ. 'ಅಡಿಕೆಗೆ ಮದ್ದು ಬಿಡುವುದು' ಎಂದು ಒಂದು ಸಾಲು ಬರೆಯುತ್ತೇವೆ. ಕೃಷಿಕರಾದ ತಮಗೆ ಗೊತ್ತು ಅದರಲ್ಲಿ ಏನೇನಿದೆ ಎಂದು. ಮೊದಲ ಮದ್ದು ಬಿಟ್ಟು 40–45 ದಿನ ಆಯಿತೇ ಎಂದು ನೋಡಬೇಕು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕದಲ್ಲಿ ಸಾಮಾನು ತರಬೇಕು. ಪಂಪು ಸರಿಯಿದೆಯೇ ನೋಡಬೇಕು. ಮರ ಹತ್ತುವವರನ್ನು ಹೇಳಿಡಬೇಕು. ಬಿಸಿಲು ಕಾಯಬೇಕು. ಇಷ್ಟನ್ನು ಒಂದೇ ಸಾಲಿನಲ್ಲಿ ತುಂಬಿದರೆ ಪ್ರತಿ ದಿನ ಅದನ್ನು ನೋಡಿ ಹೆದರಿ ಮರುದಿನಕ್ಕೆ ತಳ್ಳುತ್ತೇವೆ. ಅದರ ಬದಲು ಇಂದಿನ ಚೀಟಿಯಲ್ಲಿ 'ಮರ ಹತ್ತುವವರಿಗೆ ರಾತ್ರಿ ಎಂಟಕ್ಕೆ ಫೋನ್' ಎಂದಷ್ಟೇ ಬರೆಯೋಣ. ಐದು ನಿಮಿಷದ ಕೆಲಸ. ಇಂದಿನ ಬುಟ್ಟಿಗೆ ಅಷ್ಟೇ ಹೂ.

ಮೂರು ವಾರ ದಾಟಿದರೂ ಒಂದು ಸಾಲು ಹಾಗೆಯೇ ಉಳಿದಿದ್ದರೆ ಅದನ್ನು ಕರೆದು ಕೇಳೋಣ: ಇದನ್ನು ಸಣ್ಣದು ಮಾಡಿ ಇಂದೇ ಆರಂಭಿಸುತ್ತೇವೆಯೇ, ಬೇರೆಯವರಿಗೆ ಒಪ್ಪಿಸುತ್ತೇವೆಯೇ, ಅಥವಾ ಇದು ನಮ್ಮಿಂದ ಆಗದು ಎಂದು ಒಪ್ಪಿ ಗೀಟು ಹಾಕುತ್ತೇವೆಯೇ? ಗೀಟು ಹಾಕುವುದು ಪಾಪವಲ್ಲ. ಆಗದ ಕೆಲಸಕ್ಕೆ 'ಆಗುತ್ತದೆ' ಎಂದು ಮಾತು ಕೊಟ್ಟು ಇನ್ನೊಬ್ಬರನ್ನು ಕಾಯಿಸುವುದೇ ಹೆಚ್ಚಿನ ತೊಂದರೆ.

ಮೂರನೆಯದು ತೆನೆಯ ಲೆಕ್ಕ. ಇಲ್ಲಿಂದ ತೆನೆ ಒಯ್ಯುವಾಗ ಮನೆಯ ತಲೆ ಎಣಿಸಿ ಒಯ್ಯುತ್ತೇವೆ. ಮನೆಯ ಯಜಮಾನರು ಅದನ್ನು ಸುಲಿದು, ಅಕ್ಕಿಯನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ ಎಲ್ಲರಿಗೂ ಹಂಚುತ್ತಾರೆ. ದೂರದ ಊರಿನಲ್ಲಿದ್ದ ಮಕ್ಕಳಿಗೆ ನಾಲ್ಕು ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಯಲ್ಲಿ ಕಳುಹಿಸಿದ ತಾಯಂದಿರು ಇಲ್ಲಿದ್ದಾರೆ. ಪ್ರತಿಯೊಬ್ಬರ ಹೆಸರಿಗೆ ಒಂದು ಪಾಲು. ಸಿಹಿ ಹೀಗೆ ಹಂಚುತ್ತೇವೆ. ಕೆಲಸವನ್ನು ಹಂಚುತ್ತೇವೆಯೇ?

ತಂದೆಯವರೇ, ಯುವಕರೇ, ಇದು ನಮಗೆ. ನಮ್ಮ ಹೆಚ್ಚಿನ ಮನೆಗಳಲ್ಲಿ ಪಟ್ಟಿ ತಾಯಿಯ ತಲೆಯಲ್ಲಿದೆ. ಬೀಡಿ ಕಟ್ಟುತ್ತಾ ಕಟ್ಟುತ್ತಾ, ಅಕ್ಕಿ ಮುಗಿಯಿತು, ಮಗನ ಸಮವಸ್ತ್ರ ಹರಿದಿದೆ, ದನಕ್ಕೆ ಹಿಂಡಿ ಇಲ್ಲ ಎಂದು ಅವರು ಲೆಕ್ಕ ಹಾಕುತ್ತಿರುತ್ತಾರೆ. ನಾವು ಹೋಗಿ, 'ಏನಾದರೂ ಮಾಡಬೇಕಾ?' ಎಂದು ಕೇಳುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತೇವೆ. ಆದರೆ ಏನು ಮಾಡಬೇಕೆಂದು ನೋಡಿ, ಯೋಚಿಸಿ, ನಮಗೆ ಹೇಳುವುದೇ ಅವರಿಗೆ ಇನ್ನೊಂದು ಕೆಲಸ. ಸಹಾಯ ಎಂದರೆ ಕೈ ಕೊಡುವುದಷ್ಟೇ ಅಲ್ಲ, ನೆನಪಿಡುವ ಭಾರವನ್ನೂ ತೆಗೆದುಕೊಳ್ಳುವುದು. 'ದನದ ಹಿಂಡಿ ಇನ್ನು ನನ್ನದು, ನೀವು ಅದನ್ನು ಮರೆತುಬಿಡಿ' ಎಂದು ಹತ್ತನೇ ತರಗತಿಯ ಹುಡುಗನೊಬ್ಬ ತಾಯಿಗೆ ಹೇಳಿದರೆ, ಆ ಮಾತಿಗಿಂತ ದೊಡ್ಡ ಹಬ್ಬದ ಕಾಣಿಕೆ ಇದೆಯೇ?

ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿ ಮೋಶೆ ಬೆಳಗ್ಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುತ್ತಿದ್ದ. ಅವನ ಮಾವ ಇತ್ರೋ ಅದನ್ನು ನೋಡಿ, ಹೀಗೆ ಮಾಡಿದರೆ ನೀನೂ ಬಳಲುತ್ತೀ, ಕಾದು ನಿಂತ ಜನರೂ ಬಳಲುತ್ತಾರೆ ಎಂದು ಎಚ್ಚರಿಸಿದ. ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬ ಮುಖ್ಯಸ್ಥನನ್ನು ನೇಮಿಸಲು ಹೇಳಿದ. ನಮ್ಮ ವಾಳೆ, ವಾಳೆಗೊಬ್ಬ ಗುರಿಕಾರ ಎಂಬ ಏರ್ಪಾಡಿನಲ್ಲಿಯೂ ಅದೇ ವಿವೇಕವಿದೆ. ಒಬ್ಬರೇ ಎಲ್ಲವನ್ನೂ ಹೊತ್ತಾಗ ದಣಿಯುವವರು ಅವರೊಬ್ಬರೇ ಅಲ್ಲ. ಅವರಿಗಾಗಿ ಕಾಯುವವರೂ ದಣಿಯುತ್ತಾರೆ.

ಈ ಮೂರು ಲೆಕ್ಕಗಳನ್ನು ಯಾವಾಗ ಮಾಡುವುದು? ಅದಕ್ಕೂ ಹಿರಿಯರು ಸಮಯ ಇಟ್ಟಿದ್ದಾರೆ. ರಾತ್ರಿ ಮನೆಯಲ್ಲಿ ಜಪಸರ ಮುಗಿದು, ಮಕ್ಕಳು ಹಿರಿಯರ ಆಶೀರ್ವಾದ ಪಡೆದ ಮೇಲೆ ಎಲ್ಲರೂ ಅಲ್ಲೇ ಇರುತ್ತಾರೆ. ಟಿವಿ ಹಾಕುವ ಮುಂಚೆ, ಮೊಬೈಲ್ ಕೈಗೆ ಬರುವ ಮುಂಚೆ ಐದು ನಿಮಿಷ ಕುಳಿತುಕೊಳ್ಳೋಣ. ಇಂದು ಏನು ಆಯಿತು? ಆದದ್ದಕ್ಕೆ ದೇವರಿಗೆ ವಂದನೆ. ಏನು ಉಳಿಯಿತು? ಅದು ನಾಳೆ ಯಾರ ಪಾಲು? ಬರೆದು ಪುಸ್ತಕ ಮುಚ್ಚೋಣ. ಪುಸ್ತಕ ಮುಚ್ಚಿದ ಮೇಲೆ ಉಳಿದದ್ದು ಕಾಗದದ ಮೇಲೆ ಇರಲಿ, ತಲೆದಿಂಬಿನ ಮೇಲೆ ಬೇಡ.

ಇಷ್ಟೆಲ್ಲ ಮಾಡಿದರೂ ಒಂದು ಮಾತು ಉಳಿಯುತ್ತದೆ. ಚೀಟಿಯಲ್ಲಿ ಮೂರೇ ಸಾಲು ಎಂದಾದರೆ ಯಾವ ಮೂರು? ಕಳೆದ ವರ್ಷ ನಮ್ಮ 37ನೇ ಸಾಲು ಯಾಕೆ ತಪ್ಪಿತು ಎಂದು ನಾವು ಬಹಳ ಯೋಚಿಸಿದೆವು. ಮೈಕಿನವರು ನಾಲ್ಕು ಸಲ ಫೋನ್ ಮಾಡಿದ್ದರು. ಕಬ್ಬಿನ ಲಾರಿಯವರು ಬಾಗಿಲಿಗೇ ಬಂದಿದ್ದರು. ಅತಿಥಿಗಳು ಕಾರಿನಿಂದ ಇಳಿದಾಗಿತ್ತು. ಆದರೆ ಹಾಸಿಗೆ ಹಿಡಿದ ತಾಯಿ ಫೋನ್ ಮಾಡಲಿಲ್ಲ. ಮಾಡುವವರೂ ಅಲ್ಲ. ನಮ್ಮ ಪಟ್ಟಿಯಲ್ಲಿ ಗದ್ದಲ ಮಾಡುವ ಕೆಲಸಗಳು ತಾವಾಗಿಯೇ ಮುಂದೆ ಬರುತ್ತವೆ. ಸುಮ್ಮನೆ ಕಾಯುವವರು ಹಿಂದೆ ಉಳಿಯುತ್ತಾರೆ: ವಯಸ್ಸಾದ ತಂದೆ, ಮಾತು ಬಿಟ್ಟ ಅಣ್ಣ, ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿ ಕೋಣೆ ಸೇರಿದ ಮಗ, ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಭಾನುವಾರದ ಒಂದು ಕರೆಗಾಗಿ ಕಾಯುವ ಮಗಳು. ಇವರು ನಮಗೆ ನೆನಪಿಸುವುದಿಲ್ಲ. ಆದ್ದರಿಂದ ಅವರ ಹೆಸರನ್ನು ಮೊದಲ ಸಾಲಿನಲ್ಲಿ ನಾವೇ ಬರೆಯಬೇಕು.

ಸಂತ ಲೂಕರ ಶುಭಸಂದೇಶದಲ್ಲಿ ಬರುವ ಮಾರ್ತಳನ್ನು ನಾವು ಕೆಲವೊಮ್ಮೆ ಅನ್ಯಾಯವಾಗಿ ಬೈಯುತ್ತೇವೆ. ಮನೆಗೆ ಬಂದವರಿಗೆ ಅಡುಗೆ ಮಾಡುವುದು ತಪ್ಪೇ? ಯೇಸುಸ್ವಾಮಿ ಅವಳ ಅಡುಗೆಯನ್ನು ಗದರಿಸಲಿಲ್ಲ. ಹಲವು ಚಿಂತೆಗಳಲ್ಲಿ ಅವಳ ಮನಸ್ಸು ಚೂರುಚೂರಾದುದನ್ನು ಕಂಡು ಮರುಗಿದರು. ಸಂತ ಯೊವಾನ್ನರ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಅದೇ ಬೆಥಾನಿಯದಲ್ಲಿ ಇನ್ನೊಂದು ಔತಣ ನಡೆಯುತ್ತದೆ. ಅಲ್ಲಿಯೂ ಮಾರ್ತ ಬಡಿಸುತ್ತಿದ್ದಾಳೆ. ಕೆಲಸ ಅದೇ. ಆದರೆ ಈ ಸಲ ದೂರಿಲ್ಲ, ಗೊಣಗಾಟವಿಲ್ಲ. ಬಂದಿರುವವರು ಯಾರು ಎಂಬುದು ಅವಳ ಕಣ್ಣ ಮುಂದಿದೆ. ನಮಗೂ ಕೆಲಸ ಮುಗಿದುಹೋಗುವ ದಿನ ಬರಲಿಕ್ಕಿಲ್ಲ. ಆ ಕೆಲಸ ಯಾರಿಗಾಗಿ ಎಂಬುದು ಕಣ್ಣ ಮುಂದಿದ್ದರೆ ಸಾಕು.

ಇಂದು ನಾವು ಯಾರ ಜನ್ಮದಿನ ಆಚರಿಸುತ್ತೇವೋ ಆ ಮಾತೆಗೂ ಚಿಂತೆಗಳಿದ್ದವು. ದೇವದೂತನ ಸಂದೇಶ ಬಂದ ದಿನಗಳಲ್ಲಿ ಅವರ ಮುಂದೆ ಎಷ್ಟು ಪ್ರಶ್ನೆಗಳಿದ್ದಿರಬೇಕು! ಆದರೂ ವಯಸ್ಸಾದ ಎಲಿಜಬೇತಳಿಗೆ ಆಸರೆ ಬೇಕೆಂದು ತಿಳಿದಾಗ ಎದ್ದು ಬೆಟ್ಟದ ನಾಡಿಗೆ ನಡೆದರು, ಸುಮಾರು ಮೂರು ತಿಂಗಳು ಅಲ್ಲೇ ಇದ್ದರು. ಅವರ ಪಟ್ಟಿಯ ಮೊದಲ ಸಾಲಿನಲ್ಲಿ ಒಬ್ಬ ವ್ಯಕ್ತಿಯ ಹೆಸರಿತ್ತು.

ಈ ವರ್ಷ ನಾವು ಹಬ್ಬದ ಪಟ್ಟಿಯನ್ನು 15 ಸಾಲಿಗೆ ಇಳಿಸಿದೆವು. ಪ್ರತಿ ಸಾಲಿನ ಮುಂದೆ ಒಬ್ಬರ ಹೆಸರು, ಒಂದು ದಿನ. ದ್ವಾರದ ಕಮಾನು ಇಲ್ಲ, ತಾವು ಗಮನಿಸಿರಬಹುದು. ದೀಪಾಲಂಕಾರ ಕಡಿಮೆಯಾಯಿತು ಎಂದು ಕೆಲವರು ಬೇಸರದಿಂದ ಹೇಳಿದ್ದಾರೆ. ಅವರ ಬೇಸರ ನಮಗೆ ಅರ್ಥವಾಗುತ್ತದೆ. ಆದರೆ ಬೆಳಗ್ಗಿನ ಮೊದಲ ಬಲಿಪೂಜೆಯಲ್ಲಿ ಆಶೀರ್ವದಿಸಿದ ತೆನೆ ಈಗಾಗಲೇ ಎಂಟು ಮನೆಗಳನ್ನು ಮುಟ್ಟಿದೆ. ಅದು ನಮ್ಮ ಪಟ್ಟಿಯ ಒಂದನೇ ಸಾಲು. ಗುಡ್ಡದ ಬದಿಯ ಆ ಮನೆಗೆ ಹೋದ ಹುಡುಗಿಯರು ಬಂದು ವರದಿ ಕೊಟ್ಟಿದ್ದಾರೆ: ಎಂಟೂವರೆಗೆ ಹಾಲು ಕಾಯಿಸಿ, ತೆನೆ ಸುಲಿದು ಹಾಕಿ ಅಜ್ಜಿಗೆ ಕುಡಿಸಿಯಾಗಿದೆ, ಅವರಿಗೂ ಅರ್ಧ ಲೋಟ ಸಿಕ್ಕಿದೆ.

ಆದ್ದರಿಂದ ಪ್ರಿಯರೇ, ಇಂದು ತೆನೆ ಹಿಡಿದು ಮನೆಗೆ ಹೋದ ಮೇಲೆ, ಊಟಕ್ಕೆ ಕೂರುವ ಮುನ್ನ, ಒಂದು ಸಣ್ಣ ಕೆಲಸ ಮಾಡೋಣ. ನಮ್ಮ ಉದ್ದದ ಪಟ್ಟಿಯಲ್ಲಿ ಸುಮ್ಮನೆ ಕಾಯುತ್ತಿರುವ ಒಬ್ಬರ ಹೆಸರನ್ನು ಹುಡುಕಿ, ಅದನ್ನು ನಾಳೆಯ ಚೀಟಿಯ ಮೊದಲ ಸಾಲಿನಲ್ಲಿ ಬರೆಯೋಣ. ಸಾಧ್ಯವಾದರೆ ನಾಳೆಯವರೆಗೂ ಕಾಯಿಸದಿರೋಣ. ಉಳಿದ ಸಾಲುಗಳು ನಮ್ಮ ಶಕ್ತಿ ಇದ್ದಷ್ಟು. ಒಂಬತ್ತು ಆದರೆ ಒಂಬತ್ತು, ಆಗದಿದ್ದರೆ ಮೂರು.

ಮಾತೆ ಮರಿಯಮ್ಮನವರು ತಮ್ಮ ಮನೆಗಳನ್ನೂ, ಗದ್ದೆ ತೋಟಗಳನ್ನೂ, ದೂರದಲ್ಲಿರುವ ಮಕ್ಕಳನ್ನೂ ಹರಸಲಿ. ತಮ್ಮ ಕೈಗಳ ಕೆಲಸವನ್ನು ದೇವರು ಆಶೀರ್ವದಿಸಲಿ. ಆಮೆನ್.